ನೀಲಕ್ಕನ ಅರವಟ್ಟಿಗೆ

ನಮ್ಮೂರಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಎಂದೂ ಆಡಬಾರದ ಮಾತು ಒಂದಿದೆ. ಬೈಗುಳಕ್ಕೆ ನಮ್ಮಲ್ಲಿ ಬರವಿಲ್ಲ. ಹೆತ್ತವರನ್ನೂ ಬಿಡದೆ ಬಾಯಿಗೆ ಬಂದಂತೆ ಬೈದಾಡಿ, ಸಂಜೆಗೆ ಅದೇ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುವ ಜನ ನಾವು. ಆ ಒಂದು ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ನಾನು ಅದನ್ನು ನನ್ನ ಒಡಹುಟ್ಟಿದ ಅಕ್ಕನಿಗೆ ಅಂದೆ. ಅದೂ ಯಾತಕ್ಕೆ? ಸಂಡಿಗೆಗೆ ಉಪ್ಪು ಜಾಸ್ತಿಯಾಯಿತು ಎಂದು ಅವಳು ಅಂದಿದ್ದಕ್ಕೆ.

ನಮ್ಮೂರಿನ ನೀರಿನ ರೀತಿಯೇ ಬೇರೆ. ತಾನು ಹೊತ್ತ ನೀರು ತನ್ನ ಬಾಯಾರಿಕೆಗೆ ಒದಗುವುದಿಲ್ಲ. ಕೊಡಗಟ್ಟಲೆ ಕುಡಿಯಲಿ, ಹೊಟ್ಟೆ ಉಬ್ಬುತ್ತದೆ, ಗಂಟಲು ಒಣಗಿದ್ದು ಒಣಗಿದ ಹಾಗೇ ಇರುತ್ತದೆ. ಇನ್ನೊಬ್ಬರು ಹೊತ್ತು ತಂದಿದ್ದಾದರೆ ಒಂದು ಗುಟುಕು ಸಾಕು, ಜೀವ ತಣ್ಣಗಾಗುತ್ತದೆ. ಹಾಗಾಗಿ ಬೆಳಗಾದರೆ ಬಾವಿಕಟ್ಟೆಯಿಂದ ಹೊರಟ ಕೊಡಗಳು ಅವರವರ ಮನೆಗೆ ಹೋಗುವುದಿಲ್ಲ, ಎದುರು ಮನೆಗೋ ಪಕ್ಕದ ಮನೆಗೋ ಹೋಗುತ್ತವೆ. ಗಂಡ ಹೆಂಡಿರು ಮಾತು ಬಿಟ್ಟು ತಿಂಗಳಾಗಿದ್ದರೂ ಅವಳ ಕೊಡವನ್ನು ಅವನು ತುಂಬುತ್ತಾನೆ, ಅವನ ಕೊಡವನ್ನು ಅವಳು ತಂದು ದಡಾರನೆ ಕುಕ್ಕುತ್ತಾಳೆ. ಒಮ್ಮೆ ಹೊರಗಿನಿಂದ ಬಂದ ಮೇಷ್ಟ್ರೊಬ್ಬರು ಇದೆಲ್ಲ ಮೂಢನಂಬಿಕೆ ಎಂದು ನಕ್ಕು ತಾವೇ ಸೇದಿ ತಾವೇ ಕುಡಿದರು. ಮೂರನೆಯ ದಿನ ನಾಲಿಗೆ ದಪ್ಪಗಾಗಿ ನಮ್ಮ ಜಗಲಿಯ ಮುಂದೆ ಬಂದು ಬೊಗಸೆ ಒಡ್ಡಿದರು. ನೀಲಕ್ಕ ಒಂದು ಮಾತೂ ಕೇಳದೆ ನೀರು ಸುರಿದಳು. ನಾನಾಗಿದ್ದರೆ ನಾಲ್ಕು ಮಾತು ಅಂದೇ ಸುರಿಯುತ್ತಿದ್ದೆ.

ನೀಲಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಮದುವೆಯ ಗೋಜಿಗೆ ಹೋದವಳಲ್ಲ. ನಾನು ಹೋದೆ, ಎಂಟೇ ವರ್ಷಕ್ಕೆ ಗಂಡನನ್ನು ಮಣ್ಣು ಮಾಡಿ ಅವಳ ಬಳಿಗೇ ಬಂದೆ. ಅಂದಿನಿಂದ ಮೂವತ್ತು ವರ್ಷ ಅವಳ ಕೊಡ ನನ್ನ ಸೊಂಟದ ಮೇಲೆ, ನನ್ನ ಕೊಡ ಅವಳ ಸೊಂಟದ ಮೇಲೆ. ಊರಿನ ಪಡುವಣಕ್ಕೆ ಸುಡುಬಯಲು. ಅಲ್ಲಿ ಒಂದು ಮರವಿಲ್ಲ, ಪೊದೆಯಿಲ್ಲ, ಬರೀ ಮರಳು, ಕಲ್ಲು. ಅದನ್ನು ಹಾಯ್ದು ಉಪ್ಪು ತರುವವರ ಕಾಲುದಾರಿ ಹೋಗುತ್ತದೆ. ಮೂರು ಹರಿದಾರಿ ನಡೆದರೆ ದಾರಿಯಲ್ಲಿ ಸಿಗುವ ಒಂದೇ ನೆರಳೆಂದರೆ ಒಂದು ದೊಡ್ಡ ಬಂಡೆ, ಅದರ ಬುಡದಲ್ಲಿ ಬಾವಿ. ಅಲ್ಲಿ ನೀಲಕ್ಕ ಇಪ್ಪತ್ತು ವರ್ಷದಿಂದ ಅರವಟ್ಟಿಗೆ ಇಟ್ಟಿದ್ದಳು. ಉಪ್ಪಿನ ಕಾಲದ ಮೂರು ತಿಂಗಳು ಅಲ್ಲೇ ವಾಸ. ಹೋಗಿ ಬರುವವರಿಗೆ ಅವಳು ನೀರು ಕೊಡುವಳು, ಅವರು ಅವಳ ಮಡಕೆ ಎತ್ತಿ ಅವಳಿಗೆ ಕೊಟ್ಟು ಮುಂದೆ ಹೋಗುವರು. ಯಾರೂ ಬಾರದ ದಿನಗಳಿಗೆ ದಫೇದಾರ ಇದ್ದ.

ದಫೇದಾರ ನಮ್ಮ ನಾಯಿ. ಜೋಳದ ರೊಟ್ಟಿಯ ಬಣ್ಣ, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಜೋಲು. ಹಿಂದೆ ಯಾರೋ ದೊಡ್ಡ ಸಾಹೇಬರು ಬರುತ್ತಿದ್ದಾರೆ, ದಾರಿ ಬಿಡಿ ಎನ್ನುವ ಹಾಗೆ ಗದ್ದ ಎತ್ತಿಕೊಂಡು ಮುಂದೆ ಮುಂದೆ ನಡೆಯುತ್ತಿದ್ದುದರಿಂದ ನೀಲಕ್ಕ ಆ ಹೆಸರಿಟ್ಟಳು. ಅವನ ಬೆನ್ನಿನ ಎರಡೂ ಕಡೆಗೆ ತೊಗಲಿನ ಚೀಲ ಕಟ್ಟಿ ನೀರು ತುಂಬಿದರೆ ಬಂಡೆಗೆ ಒಂದು ಸುತ್ತು ಹಾಕಿ ಬಂದು ನಿಲ್ಲುತ್ತಿದ್ದ. ಆಗ ಅದು ಅವನು ಹೊತ್ತ ನೀರು, ಅಕ್ಕ ಕುಡಿಯುವಳು. ಅವನು ಕುಡಿಯುವ ನೀರನ್ನು ಅವಳು ಸೇದಿ ಬೋಗುಣಿಗೆ ಹಾಕುವಳು. ಬಿಸಿಲಿಗೆ ಪಾದ ಸುಡದಿರಲೆಂದು ನಾಲ್ಕು ಚಿಕ್ಕ ಚರ್ಮದ ಜೋಡು ಹೊಲಿದಿದ್ದಳು. ಅವನ್ನು ಹಾಕಿಕೊಂಡು ಅವನು ನಡೆಯುವುದನ್ನು ನೋಡಿದರೆ ಎಂಥ ಸಿಟ್ಟಿದ್ದರೂ ನಗು ಬರುತ್ತಿತ್ತು.

ಈಗ ಸಂಡಿಗೆಯ ಮಾತು. ಅವಳು ಅರವಟ್ಟಿಗೆಗೆ ಹೊರಡುವ ಹಿಂದಿನ ದಿನ ನಾನು ನಡು ಬಗ್ಗಿಸಿ ಸಂಡಿಗೆ ಹಾಕಿದ್ದೆ. ಒಂದು ಚೂರು ಬಾಯಿಗಿಟ್ಟು, "ಮಾಳೂ, ಉಪ್ಪು ಜಾಸ್ತಿ ಬಿತ್ತು ಕಣೆ. ಪ್ರತಿ ವರ್ಷ ಹೇಳಿದ್ರೂ ಅಷ್ಟೇ," ಅಂದಳು. ಅವತ್ತು ನನಗೆ ಏನು ಬಡಿದಿತ್ತೋ ಕಾಣೆ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಸೌಟು ಎಸೆದು ಅಂದುಬಿಟ್ಟೆ: "ಮೂವತ್ತು ವರ್ಷ ನನ್ನ ನೀರು ಕುಡಿದು ಬದುಕಿದೋಳು ನೀನು, ನೆನಪಿರ್ಲಿ!"

ಎಲ್ಲರೂ ಇನ್ನೊಬ್ಬರ ನೀರಿನಿಂದಲೇ ಬದುಕುವ ಊರು ಇದು. ಇಲ್ಲಿ ಆ ಮಾತು ಅಂದರೆ ಮುಗಿಯಿತು. ನೀಲಕ್ಕ ಗಂಟು ಕಟ್ಟಿದಳು. ಬೆಳಿಗ್ಗೆ ಉಪ್ಪಿನವರ ಜೊತೆ ಹೊರಡುವಾಗ ನಾಯಿಯ ಹಗ್ಗಕ್ಕೆ ಕೈ ಚಾಚಿದಳು. "ಅವನನ್ನ ಮುಟ್ಟಬೇಡ. ಅವನು ನನ್ನ ಹತ್ರ ಇರ್ತಾನೆ," ಅಂದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ದಫೇದಾರ ಮೂರು ದಿನ ಪಡುವಣದ ಬಾಗಿಲಿಗೆ ಮೂತಿ ಇಟ್ಟುಕೊಂಡು ಮಲಗಿದ. ನಾಯಿ ಜೋಡು ಮಾತ್ರ ಅವಳ ಗಂಟಿನಲ್ಲೇ ಹೋಗಿತ್ತು.

ಉಪ್ಪಿನ ಕಾಲ ಮುಗಿದರೆ ಉರಿ ತಿಂಗಳು. ಆ ತಿಂಗಳಲ್ಲಿ ಬಯಲಿಗೆ ಯಾರೂ ಕಾಲಿಡುವುದಿಲ್ಲ. ಪ್ರತಿ ವರ್ಷ ಕೊನೆಯ ಉಪ್ಪಿನವರು ಬರುವ ಹೊತ್ತಿಗೆ ನಾನೇ ಹೋಗಿ ಅಕ್ಕನನ್ನು ಕರೆದುಕೊಂಡು ಬರುವುದು ವಾಡಿಕೆ. ಈ ವರ್ಷ ನಾನು ಹೋಗಲಿಲ್ಲ. ಉಪ್ಪಿನವರ ಜೊತೆ ಬರಲಿ, ಅವರ ಜೊತೆ ತಾನೇ ಹೋದದ್ದು ಎಂದುಕೊಂಡೆ. ಅವರು ಬಂದರೆಂಬ ಸುದ್ದಿ ಬಂತು, ಅಕ್ಕ ಮನೆಗೆ ಬರಲಿಲ್ಲ. ಸರಿ, ಉಪ್ಪಿನವರ ಹಿರಿಯ ಚನಮಲ್ಲಣ್ಣನ ಮನೆಯಲ್ಲಿ ಸಿಟ್ಟು ಮಾಡಿಕೊಂಡು ಕೂತಿರಬೇಕು, ಕೂತಿರಲಿ, ನಾನು ಹೋಗಿ ಕರೆಯುವುದಿಲ್ಲ ಎಂದುಕೊಂಡೆ. ಎರಡು ದಿನ ಹೀಗೆ ಬಿಂಕ ಮಾಡಿದೆ. ಆ ಎರಡು ದಿನವನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮೂರನೆಯ ದಿನ ಹೊತ್ತು ಮೊಳದುದ್ದ ಏರಿದಾಗ ಬಾವಿಕಟ್ಟೆಯಲ್ಲಿ ಚನಮಲ್ಲಣ್ಣನ ಹೆಂಡತಿ ಶರಣಕ್ಕ ಸಿಕ್ಕಳು. "ನಿಮ್ಮನೆ ನೆಂಟಳು ಹೇಗಿದ್ದಾಳೆ?" ಅಂದೆ, ಮುಖ ಗಂಟು ಹಾಕಿಕೊಂಡು.

"ಯಾವ ನೆಂಟಳು?"

"ಇನ್ಯಾರು, ನಮ್ಮಕ್ಕ."

ಶರಣಕ್ಕನ ಕೈಯ ಹಗ್ಗ ನಿಂತಿತು. "ನಮ್ಮನೇಲಿ ಎಲ್ಲಿದ್ದಾಳವ್ವಾ? ನೀನು ಹೋಗಿ ಕರ್ಕೊಂಡ್ ಬಂದಿಲ್ವಾ?"

ಕೊಡ ಅಲ್ಲೇ ಬಿಟ್ಟು ಅವರ ಮನೆಗೆ ಓಡಿದೆ. ಚನಮಲ್ಲಣ್ಣ ಬಿಸಿಲು ಬಡಿದು ಜ್ವರದಲ್ಲಿ ಮಲಗಿದ್ದ, ಎದ್ದು ಕೂತ. "ನಮ್ಮ ಜೊತೆ ಬಾರವ್ವಾ ಅಂತ ಎಷ್ಟು ಕರೆದೆ ಗೊತ್ತಾ? ನನ್ನ ತಂಗಿ ಬರ್ತಾಳೆ, ಅವಳ ಜೊತೇಲೇ ಬರ್ತೀನಿ, ನೀವು ನಡೀರಿ ಅಂದ್ಳು. ಪ್ರತಿ ವರ್ಷ ನೀನೇ ಅಲ್ವಾ ಹೋಗೋದು? ಅಯ್ಯೋ, ನಾನೂ ನಂಬಿದೆ!" ಎಂದು ತಲೆ ಚಚ್ಚಿಕೊಂಡ.

ಎರಡು ದಿನ. ಕೈಗೆಟುಕುವಲ್ಲಿ ಬಾವಿ ಇದೆ, ಸುತ್ತ ತುಂಬಿದ ಮಡಕೆಗಳಿವೆ. ಎತ್ತಿ ಕೊಡುವ ಇನ್ನೊಂದು ಜೀವವಿಲ್ಲ. ನಾಯಿಯನ್ನು ನಾನು ಕಿತ್ತಿಟ್ಟುಕೊಂಡಿದ್ದೇನೆ. ನಡೆದು ಬರೋಣವೆಂದರೆ ದಾರಿಗೆ ನೀರು ಯಾರು ಕೊಡಬೇಕು?

"ಇಳಿಹೊತ್ತಿಗೆ ನಾಲ್ಕು ಜನರನ್ನ ಹೊರಡಿಸ್ತೀನಿ. ಈಗ ಹೋದ್ರೆ ದಾರೀಲೇ ಬೆಂದು ಹೋಗ್ತೀಯ," ಅಂದ ಚನಮಲ್ಲಣ್ಣ. ಅವನು ಹೇಳಿದ್ದು ಸರಿಯೇ. ಆದರೆ ಸಂಜೆಯವರೆಗೆ ಅವಳ ಜೀವ ಕಾಯುತ್ತದೆಂದು ನನಗೆ ಬರೆದುಕೊಟ್ಟವರು ಯಾರು? "ಅವರು ಇಳಿಹೊತ್ತಿಗೇ ಬರ್ಲಿ. ನಾನು ನಡೆದೆ," ಅಂದೆ. ಶರಣಕ್ಕ ದಫೇದಾರನ ಬೆನ್ನಿಗೆ ಎರಡು ಚೀಲ ಕಟ್ಟಿದಳು, ಅದು ನಾನು ಕುಡಿಯುವ ನೀರು. ನನ್ನ ಹೆಗಲಿಗೆ ಒಂದು ದೊಡ್ಡ ಚೀಲ, ಅದು ನೀಲಕ್ಕನಿಗೂ ದಫೇದಾರನಿಗೂ. ಹಳೆ ಸೀರೆಯನ್ನು ಹರಿದು ಅವನ ನಾಲ್ಕೂ ಪಾದಕ್ಕೆ ಸುತ್ತಿದೆ. ಪಡುವಣದ ಬಾಗಿಲು ತೆಗೆದಿದ್ದೇ ತಡ, ಗದ್ದ ಎತ್ತಿಕೊಂಡು ಮುಂದೆ ಹೊರಟ.

ಮೊದಲ ಹರಿದಾರಿ ಹೇಗೋ ಕಳೆಯಿತು. ಸೂರ್ಯ ಬೆನ್ನ ಹಿಂದಿದ್ದ, ನನ್ನ ನೆರಳು ಮುಂದೆ ಬೀಳುತ್ತಿತ್ತು. "ಲೋ, ನೆರಳಲ್ಲಿ ನಡಿ, ದೊಡ್ಡಸ್ತಿಕೆ ತೋರಿಸ್ಬೇಡ," ಎಂದು ಅವನನ್ನು ನನ್ನ ನೆರಳಿನೊಳಗೆ ನಡೆಸಿದೆ. ಆಗಾಗ ನಿಂತು ಅವನ ಚೀಲದಿಂದ ನಾನು ಒಂದು ಗುಟುಕು, ನನ್ನ ಚೀಲದಿಂದ ಅವನಿಗೆ ಒಂದು ಬೊಗಸೆ. ಅವನು ಕುಡಿದು ಮುಗಿಸಿ ನನ್ನ ಅಂಗೈ ನೆಕ್ಕಿ, ಮತ್ತೆ ಪಡುವಣಕ್ಕೆ ಮುಖ ಮಾಡುವನು. ಎಲ್ಲಿಗೆ ಹೋಗುತ್ತಿದ್ದೇವೆಂದು ಅವನಿಗೆ ಗೊತ್ತಿತ್ತು.

ಎರಡನೆಯ ಹರಿದಾರಿಯಲ್ಲಿ ನೆರಳು ಕಿರಿದಾಗುತ್ತಾ ಬಂದು ನನ್ನ ಕಾಲಡಿಗೇ ಸೇರಿತು. ಬಯಲು ಕಾದ ಹೆಂಚಿನ ಹಾಗಾಯಿತು. ಗಾಳಿ ಬೀಸಿದರೆ ಒಲೆಯ ಬಾಯಿ ತೆರೆದಂತೆ. ಚಪ್ಪಲಿಯ ಅಟ್ಟೆ ದಾಟಿ ಕಾವು ಹಿಮ್ಮಡಿಗೆ ಬರುತ್ತಿತ್ತು. ಕಣ್ಣು ಬಿಟ್ಟರೆ ಬಿಳುಪು, ಮುಚ್ಚಿದರೆ ಕೆಂಪು. ಸೆರಗನ್ನು ತಲೆಗೆ ಸುತ್ತಿಕೊಂಡು ಅವನ ಬಾಲವನ್ನಷ್ಟೇ ನೋಡುತ್ತಾ ನಡೆದೆ. ಆ ಬಾಲ ನಿಧಾನವಾಗುತ್ತಿದ್ದುದು ನನಗೆ ತಿಳಿಯಬೇಕಿತ್ತು. ನನ್ನ ತಲೆಯಲ್ಲಿ ಅಕ್ಕನೊಬ್ಬಳೇ ಇದ್ದಳು. ಅವನು ತಟ್ಟನೆ ಕೂತ.

"ಏಳೋ, ಇನ್ನು ಒಂದೇ ಹರಿದಾರಿ," ಅಂದೆ. ಎದ್ದ, ಎರಡು ಹೆಜ್ಜೆ ಇಟ್ಟು ಮತ್ತೆ ಕೂತು ಮುಂಗಾಲು ಎತ್ತಿದ. ನೋಡಿದರೆ ಸುತ್ತಿದ್ದ ಬಟ್ಟೆ ಯಾವಾಗಲೋ ಸವೆದು ಬಿದ್ದು ಹೋಗಿದೆ, ಪಾದದ ಮೆತ್ತೆಗಳು ಬೊಬ್ಬೆ ಎದ್ದು ಒಡೆದು ಹಸಿ ಮಾಂಸ ಕಾಣುತ್ತಿದೆ. ಕುಂಯ್ ಅನ್ನದೆ ಇಲ್ಲಿಯವರೆಗೆ ನಡೆದಿದ್ದಾನೆ. "ಅಯ್ಯೋ ನನ್ನಪ್ಪಾ," ಎಂದು ಅಲ್ಲೇ ಕುಸಿದೆ.

ಸಂಜೆಯ ಹೊತ್ತು ಊರ ಕಟ್ಟೆಯ ಮೇಲೆ ಮುದುಕರು ಒಂದು ವಾದ ಹೂಡುವುದುಂಟು. ಮಗು ಕೊಡ ಹೊತ್ತಿದೆ, ತಾಯಿ ಮಗುವನ್ನು ಹೊತ್ತಿದ್ದಾಳೆ, ಆ ನೀರು ಯಾರು ಹೊತ್ತ ಹಾಗೆ? ಒಬ್ಬ ಮಗು ಅಂದರೆ ಇನ್ನೊಬ್ಬ ತಾಯಿ ಅನ್ನುವನು, ಟವಲು ಕೊಡವಿಕೊಂಡು ಏಳುವವರೆಗೂ ಮುಗಿಯದು. ಒಮ್ಮೆ ನೀಲಕ್ಕ ಆ ಕಡೆ ಹೋಗುತ್ತಾ, "ಯಾರ ಕಾಲು ನೆಲದ ಮೇಲಿದೆಯೋ ಅವರು ಹೊತ್ತ ಹಾಗೆ. ಇದಕ್ಕೆ ಇಷ್ಟು ಜನ ಬೇಕಾ?" ಎಂದು ಹೇಳಿ ಎಲ್ಲರ ಬಾಯಿ ಮುಚ್ಚಿಸಿದ್ದಳು. ಆ ಮಾತು ಈಗ ನನ್ನ ಮುಂದೆ ಬಂದು ನಿಂತಿತು. ದಫೇದಾರನನ್ನು ಎತ್ತಿಕೊಂಡರೆ ಅವನ ಬೆನ್ನ ಮೇಲಿನ ನೀರು ನಾನೇ ಹೊತ್ತ ನೀರಾಗುತ್ತದೆ, ನನಗೆ ಕೆಲಸಕ್ಕೆ ಬಾರದು. ನಡೆಸಿದರೆ ಇವನ ಕಾಲು ಉಳಿಯುವುದಿಲ್ಲ.

ಅವನ ಚೀಲದಿಂದ ಹೊಟ್ಟೆ ಹಿಡಿಯುವಷ್ಟು ಕುಡಿದೆ. ಅವನಿಗೂ ಕುಡಿಸಿದೆ. ಒಂದು ಚೀಲವನ್ನು ಅವನ ಪಾದದ ಮೇಲೆ, ನನ್ನ ಸೆರಗಿನ ಮೇಲೆ ಖಾಲಿ ಮಾಡಿದೆ. ಇನ್ನೊಂದನ್ನು ಅವನ ಬೆನ್ನ ಮೇಲೇ ಬಿಟ್ಟೆ, ಅದನ್ನೇಕೆ ಬಿಟ್ಟೆ ಎಂದು ಮುಂದೆ ಹೇಳುತ್ತೇನೆ. ಕುರುಬರು ಮರಿಯನ್ನು ಹೊತ್ತ ಹಾಗೆ ಅವನನ್ನು ಕತ್ತಿನ ಸುತ್ತ ಹಾಕಿಕೊಂಡು ಎದ್ದೆ. ಐವತ್ತೆಂಟು ವರ್ಷದ ಹೆಂಗಸು, ಮಂಡಿ ಲಟಕ್ ಅಂದಿತು. ಅವನು ಕೊಸರಾಡಲಿಲ್ಲ. ಜೋಲು ಕಿವಿ ನನ್ನ ಗಲ್ಲಕ್ಕೆ ತಾಗುತ್ತಿತ್ತು.

ನೂರು ಹೆಜ್ಜೆ, ಒಂದು ನಿಲುಗಡೆ. ಮತ್ತೆ ನೂರು ಹೆಜ್ಜೆ. ಆಮೇಲೆ ಐವತ್ತು. ಬಾಯೊಳಗೆ ನಾಲಿಗೆ ನನ್ನದಲ್ಲವೆನ್ನುವ ಹಾಗಾಯಿತು. ತಡೆಯಲಾರದೆ ಹೆಗಲ ಚೀಲದಿಂದ ಒಂದು ಗುಟುಕು ಕುಡಿದೆ. ಹತ್ತಿ ಅಗಿದ ಹಾಗಿತ್ತು. ದೂರದಲ್ಲಿ ಬಂಡೆ ಕಾಣುತ್ತಿದೆ, ಎಷ್ಟು ನಡೆದರೂ ಅಷ್ಟೇ ದೂರದಲ್ಲಿ ಇದೆ. ಆಗ ನನ್ನೊಳಗೆ ಒಂದು ಬುದ್ಧಿ ಹುಟ್ಟಿತು. ಅದಕ್ಕೇ ಆ ಚೀಲವನ್ನು ಅವನ ಬೆನ್ನ ಮೇಲೆ ಬಿಟ್ಟಿದ್ದೆನೇನೋ. ಅವನನ್ನು ಕೆಳಗಿಳಿಸಿದರೆ, ನಾಲ್ಕೇ ನಾಲ್ಕು ಹೆಜ್ಜೆ ನಡೆದರೆ, ಆ ನೀರು ಅವನು ಹೊತ್ತ ನೀರಾಗುತ್ತದೆ. ನಾಲ್ಕು ಹೆಜ್ಜೆಗೆ ಏನು ಮಹಾ?

ಸುಳ್ಳು ಯಾಕೆ ಹೇಳಲಿ, ಇಳಿಸಿದೆ. "ನಡಿಯೋ ದಫೇದಾರ, ನಾಲ್ಕೇ ಹೆಜ್ಜೆ," ಅಂದೆ. ಅವನು ನನ್ನ ಮುಖ ನೋಡಿದ. ಗದ್ದ ಎತ್ತಿದ. ನಡೆದ. ಒಂದು, ಎರಡು, ಮೂರು. ಮರಳಿನ ಮೇಲೆ ಮೂರು ಕೆಂಪು ಗುರುತು ಬಿತ್ತು. ನಾಲ್ಕನೆಯದಕ್ಕೆ ಕಾಲು ಎತ್ತಿದವನು ಇಡಲಾರದೆ, ಇಡದಿರಲೂ ಆರದೆ ನಡುಗುತ್ತಾ ನಿಂತ. ಓಡಿಹೋಗಿ ಎತ್ತಿಕೊಂಡೆ. ಆ ಚೀಲವನ್ನು ಬಿಚ್ಚಿ ಅವನ ಪಾದದ ಮೇಲೇ ಸುರಿದು ಬಿಸಾಡಿದೆ, ಮತ್ತೆ ಆ ಬುದ್ಧಿ ಬರದಿರಲಿ ಎಂದು. ಬಿಸಿಲಿನಲ್ಲಿ ನಿಂತು ಗಟ್ಟಿಯಾಗಿ ಅತ್ತೆ. ಕಣ್ಣೀರು ಬರಲಿಲ್ಲ, ಬರೀ ಸದ್ದು ಬಂತು. ಅಕ್ಕನಿಂದ ಇವನನ್ನು ಕಿತ್ತುಕೊಂಡವಳು ನಾನೇ, ಈಗ ಇವನ ಕಾಲನ್ನೂ ಕಿತ್ತುಕೊಳ್ಳಲು ಹೊರಟಿದ್ದೆನಲ್ಲ!

ಉಳಿದ ದಾರಿ ನನಗೆ ನೆನಪಿಲ್ಲ. ಬಂಡೆಯ ನೆರಳು ಮೈಮೇಲೆ ಬಿದ್ದಾಗ ಎಚ್ಚರವಾದ ಹಾಗಾಯಿತು. ಅರವಟ್ಟಿಗೆಯ ಚಪ್ಪರದ ಕೆಳಗೆ ಮಡಕೆಗಳು ಸಾಲಾಗಿ ತುಂಬಿ ನಿಂತಿದ್ದವು. ಅವುಗಳ ನಡುವೆ ನೀಲಕ್ಕ ಬಂಡೆಗೆ ಒರಗಿ ಮಲಗಿದ್ದಳು. ಕಣ್ಣು ಮುಚ್ಚಿತ್ತು, ತುಟಿ ಬಿರಿದು ಕರ‍್ರಗಾಗಿತ್ತು. "ಅಕ್ಕಾ," ಅಂದೆ. ದಫೇದಾರನನ್ನು ಇಳಿಸಿ, ಹೆಗಲ ಚೀಲದ ಬಾಯಿ ಬಿಚ್ಚಿ ಅವಳ ತುಟಿಗೆ ಹನಿಸಿದೆ. ನೀರು ಕಟಬಾಯಿಯಿಂದ ಹರಿದು ಹೋಯಿತು. ಮತ್ತೆ ಹನಿಸಿದೆ. ಮತ್ತೆ ಹರಿಯಿತು. "ಕುಡಿಯೇ ನೀಲಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಕುಡಿಯೇ!" ದಫೇದಾರ ಹೊಟ್ಟೆಯ ಮೇಲೆ ತೆವಳಿಕೊಂಡು ಬಂದು ಅವಳ ಮುಖ ನೆಕ್ಕತೊಡಗಿದ, ಹಣೆ, ಕಣ್ಣು, ಮೂಗು. ಅವಳ ಗಂಟಲ ಮೂಳೆ ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು.

ಒಂದು ಗುಟುಕು, ಎರಡು ಗುಟುಕು. ಅರ್ಧ ಚೀಲ ಖಾಲಿಯಾಗುವ ಹೊತ್ತಿಗೆ ಕಣ್ಣು ಬಿಟ್ಟಳು. ಮೊದಲು ನಾಯಿಯನ್ನು ನೋಡಿದಳು, ಆಮೇಲೆ ಅವನ ಪಾದಗಳನ್ನು, ಆಮೇಲೆ ನನ್ನನ್ನು. ನನಗೆ ಅಷ್ಟೇ ಬೇಕಿತ್ತು. ಕೈಯಿಂದ ಚೀಲ ಜಾರಿತು, ಮೈ ಒಂದು ಕಡೆಗೆ ವಾಲಿತು. ಸುತ್ತಲಿನ ಅಷ್ಟೂ ಮಡಕೆಗಳು ಅಕ್ಕ ತುಂಬಿಟ್ಟವು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆದರೆ ಮುಚ್ಚಳ ತೆಗೆಯುವ ಶಕ್ತಿಯೂ ಬೆರಳಿನಲ್ಲಿ ಉಳಿದಿರಲಿಲ್ಲ.

ಏನೋ ಎಳೆಯುವ ಸದ್ದು ಕೇಳಿತು. ಕಣ್ಣು ಬಿಟ್ಟರೆ ನೀಲಕ್ಕ ಮೊಣಕೈ ಊರಿ ತೆವಳುತ್ತಿದ್ದಾಳೆ. ಬಂಡೆಯ ಗೂಡಿನಲ್ಲಿ ಒಂದು ಪುಟ್ಟ ಕರಿ ಮಡಕೆ ಇತ್ತು, ಒದ್ದೆ ಬಟ್ಟೆ ಸುತ್ತಿ, ಮೇಲೆ ಬಟ್ಟಲು ಮುಚ್ಚಿತ್ತು. ಅದನ್ನು ಎದೆಗವಚಿಕೊಂಡು ತಂದಳು. ಬಟ್ಟಲು ತುಂಬಿದಳು, ಅರ್ಧ ಚೆಲ್ಲಿತು. ಉಳಿದರ್ಧವನ್ನು ನನ್ನ ಬಾಯಿಗಿಟ್ಟಳು. ಬಟ್ಟೆ ಇನ್ನೂ ಒದ್ದೆಯಾಗಿತ್ತು, ನೀರು ಹೊಸದು, ತಣ್ಣಗಿತ್ತು.

"ಇದನ್ನ ಯಾವಾಗ ಸೇದಿದ್ದು?" ಎಂದು ಕೇಳಿದೆ.

"ಈವತ್ತು ಬೆಳಿಗ್ಗೆ," ಅಂದಳು. ಅವಳ ದನಿ ಒಣಗಿದ ಎಲೆಯ ಹಾಗೆ ಗರಗರ ಎನ್ನುತ್ತಿತ್ತು. "ನಿನ್ನೆದು ಚೆಲ್ಲಿದೆ. ಮೊನ್ನೆದೂ ಚೆಲ್ಲಿದೆ. ನೀನು ಬಾಯಿ ಒಣಗಿಸ್ಕೊಂಡು ಬರ್ತೀಯ, ಹಳೇ ನೀರು ಹೆಂಗೆ ಕೊಡ್ಲಿ?"

ಎರಡು ದಿನ ಒಂದು ಹನಿ ಒದಗದೆ ಬಿದ್ದವಳು, ಆ ಆಳದ ಬಾವಿಯಿಂದ, ಆ ಕೈಯಿಂದ, ದಿನಾ ನನ್ನ ಪಾಲಿನ ನೀರು ಸೇದಿಟ್ಟಿದ್ದಳು. ಅದೂ ನಾನು ಬರುತ್ತೇನೆಂದು ಯಾರೂ ಹೇಳದೆ. ನನಗೆ ಅವಳ ಮುಖ ನೋಡಲಾಗಲಿಲ್ಲ. "ನಾನು ಬರದೇ ಇದ್ದಿದ್ರೆ?" ಅಂದೆ.

"ಬಂದೆಯಲ್ಲ."

ನಮ್ಮೂರಿನಲ್ಲಿ ಯಾರೂ ಆಡದ ಆ ಮಾತನ್ನು ನಾನು ಎರಡನೆಯ ಸಲ ಆಡಿದೆ. ಅವಳ ಪಾದ ಹಿಡಿದುಕೊಂಡು ಆಡಿದೆ. "ಅಕ್ಕಾ, ಮೂವತ್ತು ವರ್ಷ ನಿನ್ನ ನೀರು ಕುಡಿದು ಬದುಕಿದೋಳು ನಾನು."

ನೀಲಕ್ಕ ಗಂಟಿನಿಂದ ಆ ನಾಲ್ಕು ಚಿಕ್ಕ ಜೋಡುಗಳನ್ನು ತೆಗೆದು, ದಫೇದಾರನ ಪಾದಕ್ಕೆ ಎಣ್ಣೆ ಸವರಿ, ಬಟ್ಟೆ ಕಟ್ಟಿ, ಒಂದೊಂದಾಗಿ ತೊಡಿಸಿದಳು. ಅವನು ಸುಮ್ಮನೆ ಕಾಲು ಕೊಟ್ಟ. ಆಮೇಲೆ ಇನ್ನೊಂದು ಬಟ್ಟಲು ತುಂಬಿ ನನ್ನ ಮುಂದೆ ಹಿಡಿದಳು.

"ಸಾಕು, ಸುಮ್ನೆ ಕುಡಿ," ಅಂದಳು. "ಸಂಡಿಗೆಗೆ ಉಪ್ಪು ಮಾತ್ರ ಜಾಸ್ತಿನೇ ಆಗಿತ್ತು."

"ಆಗಿತ್ತು ಕಣಕ್ಕಾ," ಅಂದು ಕುಡಿದೆ.